ಮೂಗಿನಿಂದ ಫೋನ್ ಮಾಡುತ್ತಿದ್ದ ಚಾಚಾ

ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗುವುದಕ್ಕಿಂತ ನಾನೇ ಮೊದಲು ಹೇಳಿಬಿಡುತ್ತೇನೆ: ಗ್ಯಾರೇಜ್ ಚಾಚಾರ ದನಿಯನ್ನು ಕದ್ದವನು ನಾನು. ಕದ್ದದ್ದು ಒಂದೇ ಒಂದು ಫೋನ್ ಕರೆಗೆ. ಆದರೆ ಆ ಕರೆಯ ಕಥೆಗಿಂತ ಮೊದಲು ಅವರ ಫೋನಿನ ಕಥೆ ಹೇಳಬೇಕು. ಇಡೀ ಬಳ್ಳಾರಿಯಲ್ಲಿ ಮೂಗಿನಿಂದ ಫೋನ್ ಮಾಡುತ್ತಿದ್ದ ಮನುಷ್ಯ, ನನಗೆ ತಿಳಿದ ಮಟ್ಟಿಗೆ, ಅವರೊಬ್ಬರೇ.

ಅವರ ಬೆರಳುಗಳು ಬೆಳಗಿನಿಂದ ಸಂಜೆಯವರೆಗೆ ಎಂಜಿನ್ ಆಯಿಲ್‌ನಲ್ಲಿ ಅದ್ದಿರುತ್ತಿದ್ದವು. ಫೋನ್ ಮುಟ್ಟಿದರೆ ಗಾಜಿನ ಮೇಲೆ ಕಪ್ಪು ಬೆರಳಚ್ಚು. ಅದಕ್ಕೆ ಅವರು ಫೋನನ್ನು ಸ್ಟೂಲಿನ ಮೇಲೆ ಒಂದು ಹಳೆಯ ಪಿಸ್ಟನ್ನಿಗೆ ಒರಗಿಸಿಟ್ಟು, ಎರಡೂ ಕೈ ಹಿಂದೆ ಕಟ್ಟಿ, ನೀರು ಕುಡಿಯುವ ಕೋಳಿಯಂತೆ ಬಗ್ಗಿ, ಮೂಗಿನ ತುದಿಯಿಂದ ಹೆಸರು ಒತ್ತುತ್ತಿದ್ದರು. ಮೂಗು ಉದ್ದ, ತುದಿ ಚೂಪು, ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ. ಸ್ಪೀಕರ್ ಹಾಕಲು ಇನ್ನೊಂದು ಸಲ ಬಗ್ಗುತ್ತಿದ್ದರು. ಹೀಗಾಗಿ ಅವರ ಮಾತೆಲ್ಲ ಬ್ರೂಸ್‌ಪೇಟೆಯ ಮಾತು. ಎಡಗಡೆಯ ಬೆಲ್ಲದ ಅಂಗಡಿಯವನೂ ಬಲಗಡೆಯ ಹಗ್ಗದ ಅಂಗಡಿಯವನೂ ಕೆಲಸ ಬಿಟ್ಟು ಕೇಳುತ್ತಿದ್ದರು.

ಅವರ ಗಂಟಲು ಚಳಿಗಾಲದ ಹಳೇ ಸ್ಕೂಟರ್. ಮೊದಲ ಕಿಕ್ಕಿಗೆ ಹತ್ತುತ್ತಿರಲಿಲ್ಲ. “ಹ್ರ್ರ್... ಹ್ರ್ರ್...” ಅಂತ ಎರಡು ಸಲ ಕೆಮ್ಮಿ, ಆಮೇಲೆ “ಹಾಂ, ಹಲೋ!” ಆ ‘ಹಲೋ’ ಬಂದ ಮೇಲೆ ಗಾಡಿ ನಿಲ್ಲುವುದಿಲ್ಲ.

“ಹಾಂ, ಹಲೋ! ಅಕ್ಕಾ, ನಿನ್ನ ಗಂಡನ ಗಾಡಿ ಚೈನ್ ಬಂದೈತಿ. ನಾಳಿ ಕಳಿಸು.”

“ಆತು ಬಿಡಣ್ಣ.”

“ಮತ್ತ ಹಿಂದಿನ ಟಯರ್ ಬೋಳ ಆಗೈತಿ, ಅವನ ತಲಿಗಿಂತ. ಹೇಳು ಅವಗ. ಉಂಡ್ಯಾ?”

“ಉಂಡೀನಣ್ಣ.”

ಈ ಅಕ್ಕ ಎಂದರೆ ಸಿರುಗುಪ್ಪ ರಸ್ತೆಯಲ್ಲಿ, ಕುರುಗೋಡಿಗೆ ತಿರುಗುವ ಕ್ರಾಸಿನಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಮಾರುವ ಒಗ್ಗರಣಿ ಅಕ್ಕ. ಇವರು ಆಕೆಯನ್ನು ಅಕ್ಕ ಎನ್ನುತ್ತಿದ್ದರು, ಆಕೆ ಇವರನ್ನು ಅಣ್ಣ ಎನ್ನುತ್ತಿದ್ದಳು. ವಯಸ್ಸಿನ ವಿಷಯದಲ್ಲಿ ಇಬ್ಬರೂ ಸೋಲಲು ತಯಾರಿರಲಿಲ್ಲ.

ಇನ್ನು ನನ್ನ ವಿಷಯ. ನನಗೆ ಇರುವ ಒಂದೇ ಆಸ್ತಿ ಗಂಟಲು, ಅದರಲ್ಲೂ ನನ್ನದೆಂಬುದು ಕಡಿಮೆ. ಅಪ್ಪನ ದನಿ, ಹಾಲಿನವನ ದನಿ, ಕೆಮಿಸ್ಟ್ರಿ ಲೆಕ್ಚರರ್ ಮೂಗಿನಲ್ಲಿ ಹೇಳುವ ‘ಸೋಡಿಯಂ’, ಬಸ್ ಸ್ಟ್ಯಾಂಡಿನ ಮೈಕು, ಎಲ್ಲ ಬರುತ್ತಿತ್ತು. ಸತ್ಯನಾರಾಯಣಪೇಟೆಯ ನಮ್ಮ ಮನೆ ಬಾಗಿಲಲ್ಲಿ ನಿಂತು “ಬಾಗ್ಲಾ ತಗಿ” ಎಂದರೆ ಒಳಗಿನಿಂದ ಅವ್ವ ಕೇಳುತ್ತಿದ್ದಳು: “ಯಾರು? ನಿಮ್ಮಪ್ಪನೋ, ಹಾಲಿನವನೋ, ನೀನೋ?” ನಾನೇ ಎಂದರೆ, “ಹಂಗಾರ ಹೊರಗ ಇರು” ಎನ್ನುತ್ತಿದ್ದಳು.

ಪರಶು ನನ್ನ ಗೆಳೆಯ. ಮನೆಯಲ್ಲಿ ಅಪ್ಪ ಅವ್ವ ಇಬ್ಬರೂ ಜೀನ್ಸ್ ಹೊಲಿಯುತ್ತಾರೆ. ಇವನ ಮೊಣಕಾಲಿನ ಹತ್ತಿರ ಮಾತ್ರ ಯಾವಾಗಲೂ ಹರಿದಿರುತ್ತಿತ್ತು. ಫ್ಯಾಷನ್ ಅಲ್ಲ, ಬಿದ್ದದ್ದು. ನಮಗಾಗ ಹದಿನೆಂಟು. ಅವನಿಗೆ ಲೈಸೆನ್ಸ್ ಬಂದಿತ್ತು, ಮೀಸೆ ಬಂದಿರಲಿಲ್ಲ. ನನಗೆ ಎರಡೂ ಬಂದಿರಲಿಲ್ಲ. ಭಾನುವಾರ ಬೆಳಗಾದರೆ ಐದಾರು ಬೈಕು ಸಿರುಗುಪ್ಪ ರಸ್ತೆಗೆ ಬೀಳುತ್ತಿದ್ದವು. ಮುಂದಿನ ಗಾಲಿ ಎತ್ತಿ ವೀಲಿಂಗ್, ಕೈ ಬಿಟ್ಟು ಓಡಿಸುವುದು, ಲಾರಿ ಪಕ್ಕ ಬಾಗುವುದು. ನಾನು ಪರಶುವಿನ ಹಿಂದೆ ಕೂತು ವಿಡಿಯೊ ಮಾಡುತ್ತಿದ್ದೆ, ಜೊತೆಗೆ ಕ್ರಿಕೆಟ್ ಕಾಮೆಂಟರಿಯವರ ದನಿಯಲ್ಲಿ ವರ್ಣನೆ. ಸತ್ತರೆ ಇಬ್ಬರೂ ಸಾಯುತ್ತಿದ್ದೆವು, ಆದರೆ ಕಾಮೆಂಟರಿ ಚೆನ್ನಾಗಿರುತ್ತಿತ್ತು.

ಹಿರಿಯರು ಸುಮ್ಮನಿರಲಿಲ್ಲ. ಓಣಿಯ ಸಮುದಾಯ ಭವನದಲ್ಲಿ ಸಭೆ ಕರೆದರು. ಶಾಲು, ಹಾರ, ಮೈಕು. ಒಬ್ಬರು ಯುವಶಕ್ತಿ ದೇಶದ ಶಕ್ತಿ ಎಂದರು. ಇನ್ನೊಬ್ಬರು ಮೊಬೈಲು ಸುಟ್ಟುಹಾಕಬೇಕು ಎಂದರು, ಎನ್ನುವಾಗಲೇ ಅವರ ಮೊಬೈಲು ರಿಂಗಾಯಿತು. ನಾವೆಲ್ಲ ಚಪ್ಪಾಳೆ ಹೊಡೆದು, ಕೊಟ್ಟ ಬಾಳೆಹಣ್ಣು ತಿಂದು, ಭವನದ ಮುಂದಿನಿಂದಲೇ ವೀಲಿಂಗ್ ಮಾಡಿಕೊಂಡು ಮನೆಗೆ ಹೋದೆವು.

ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಚಾಚಾರಿಗೂ ಮೈಕು ಕೊಟ್ಟಿದ್ದರು. ಎರಡು ಸಲ ಕೆಮ್ಮಿ, ವೇದಿಕೆಯವರನ್ನು ಒಂದೇ ಪ್ರಶ್ನೆ ಕೇಳಿದರು: “ಈ ಹುಡುಗರು ರಸ್ತಿ ಮ್ಯಾಗ ಹೋಗೂ ಮುಂದ, ಹೆಸರು ಹಿಡದು ಕರ್ಯೂ ಮಂದಿ ಎಷ್ಟ್ ಅದೀರಿ?” ಯಾರೂ ಕೈ ಎತ್ತಲಿಲ್ಲ. ಅವರು ಮೈಕು ಕೊಟ್ಟು ಕೂತುಬಿಟ್ಟರು.

ಚಾಚಾ ನಮ್ಮನ್ನು ಎಂದೂ ಬೈದವರಲ್ಲ. ಬೈಯುವುದಿದ್ದರೆ ಬೈಕಿನ ಹತ್ತಿರ ಮಾತಾಡುತ್ತಿದ್ದರು. ಬಿದ್ದು ಬೆಂಡಾದ ಗಾಡಿ ತಂದರೆ ಅದರ ಟ್ಯಾಂಕಿನ ಮೇಲೆ ಕೈಯಿಟ್ಟು, “ಏನವ್ವ, ನಿನ್ನ ಮ್ಯಾಲ ಯಾವ ಮಂಗ್ಯಾ ಕುಂತಿತ್ತು? ನಿನಗರ ತಿಳೀಬ್ಯಾಡನು, ಕೆಡವಿ ಮನಿಗೆ ಬರಬೇಕಿಲ್ಲೋ?” ಎನ್ನುತ್ತಿದ್ದರು. ಮಂಗ್ಯಾ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿರುತ್ತಿತ್ತು. ಅವರದೊಂದು ಮಾತಿತ್ತು: “ಬೈದ್ರ ಹುಡುಗ ಜೋರ್ ಓಡಸ್ತಾನ. ಉಣಿಸಿದ್ರ ಮೆತ್ತಗ ಓಡಸ್ತಾನ.” ನಾವು ಅದನ್ನು ಗಾದೆ ಅಂದುಕೊಂಡಿದ್ದೆವು. ಅದು ಯೋಜನೆ.

ಸಭೆಯ ಮುಂದಿನ ಭಾನುವಾರ ನಾವು ಎಂದಿನಂತೆ ಹೊರಟೆವು. ಊರು ದಾಟಿ ಮೊದಲ ಹಳ್ಳಿ ಬರುವಷ್ಟರಲ್ಲಿ ರಸ್ತೆ ಪಕ್ಕದಲ್ಲಿ ಒಬ್ಬ ಅಜ್ಜಿ ಮಜ್ಜಿಗೆ ಚೊಂಬು ಎತ್ತಿ ಹಿಡಿದು ನಿಂತಿದ್ದಳು. “ಪರಶೂ! ಏ ಜೀನ್ಸ್ ಹೊಲಿಯೋರ ಪರಶೂ! ನಿಂದ್ರೋ ಯಪ್ಪಾ!” ಪೊಲೀಸರು ಸೀಟಿ ಊದಿದರೆ ತಪ್ಪಿಸಿಕೊಳ್ಳಬಹುದು. ಹೆಸರು ಹಿಡಿದು ಕರೆಯುವ ಅಜ್ಜಿಯನ್ನು ದಾಟಿ ಹೋಗುವ ಗಾಡಿ ಇನ್ನೂ ತಯಾರಾಗಿಲ್ಲ. ನಿಂತೆವು. ಕುಡಿದೆವು. ಪರೀಕ್ಷೆ ಯಾವಾಗ, ಅವ್ವನ ಸೊಂಟನೋವು ಹೆಂಗದ, ಎಲ್ಲ ಹೇಳಿದೆವು.

ಕುರುಗೋಡು ಕ್ರಾಸಿನಲ್ಲಿ ಒಗ್ಗರಣಿ ಅಕ್ಕ ತಟ್ಟೆ ಹಿಡಿದು ನಿಂತಿದ್ದಳು. ಒಗ್ಗರಣೆಯ ಮೇಲೆ ಎರಡೆರಡು ಮೆಣಸಿನಕಾಯಿ ಬಜ್ಜಿ. ತಿನ್ನಿಸದೆ ಬಿಡಲಿಲ್ಲ. ಸಿರುಗುಪ್ಪದ ರೈಸ್ ಮಿಲ್ಲಿನ ಗೇಟಿನಲ್ಲಿ ಕಾವಲು ತಾತ, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು, “ರಾ ನಾಯನಾ, ಕಾಫಿ ಕುಡ್ಕೊಂಡು ಹೋಗ್ರಿ” ಎಂದ. ವಾಪಸ್ ಬರುವಾಗ ಮತ್ತೆ ಅದೇ ಮೂರೂ ಕಡೆ. ಹೊಟ್ಟೆ ತುಂಬ ಮಜ್ಜಿಗೆ, ಬಜ್ಜಿ, ಕಾಫಿ ತುಂಬಿಕೊಂಡು ಮುಂದಿನ ಗಾಲಿ ಎತ್ತಲು ಹೋದ ಪರಶುವಿಗೆ ಏನಾಯಿತು ಎಂಬುದನ್ನು ಹಿಂದೆ ಕೂತಿದ್ದ ನಾನು ಬರೆಯುವುದಿಲ್ಲ. ಆ ದಿನ ಕಾಮೆಂಟರಿಯೂ ಇರಲಿಲ್ಲ.

ಶನಿವಾರ ಸಂಜೆ ಚಾಚಾ ಮೂಗಿನಿಂದ ಮೂರು ಕಡೆ ಒತ್ತಿ, “ಹುಡುಗರು ಬರ್ತಾವ. ಬೈಬ್ಯಾಡ್ರಿ. ಹೆಸರು ಹಿಡದು ಕರೀರಿ, ಏನರ ಕುಡಿಸ್ರಿ” ಎಂದು ಹೇಳಿದ್ದು ಆಮೇಲೆ ಗೊತ್ತಾಯಿತು. ಆ ರಸ್ತೆಯುದ್ದಕ್ಕೂ ಅವರು ರಿಪೇರಿ ಮಾಡಿದ ಗಾಡಿಗಳೇ ಓಡುತ್ತಿದ್ದವು. ಎಲ್ಲರೂ ಚಾಚಾರ ಕಡೆಯವರೇ.

ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ವಾರದಿಂದ ನಮ್ಮ ಕೈಗೆ ಸಾಮಾನು ಕೊಡತೊಡಗಿದರು. ಅಜ್ಜಿಗೆ ಗುಳಿಗೆ, ತಾತನಿಗೆ ಹೊಸ ಗಾಜು ಹಾಕಿಸಿದ ಕನ್ನಡಕ, ಅಕ್ಕನಿಗೆ ಚಹಾದ ಗಾಜಿನ ಗ್ಲಾಸು. ಈ ಗ್ಲಾಸಿನಲ್ಲೇ ಇತ್ತು ಅವರ ಹಿಕಮತ್ತು. ಬರೀ ಪೇಪರ್ ಸುತ್ತಿ ಚೀಲಕ್ಕೆ ಹಾಕಿ ನನ್ನ ತೊಡೆಯ ಮೇಲಿಡುತ್ತಿದ್ದರು. ಲೈಸೆನ್ಸ್ ಇಲ್ಲದವನು ಹಿಂದೆ ಕೂತು ಗ್ಲಾಸು ಹಿಡಿಯಬೇಕು, ಹೆಲ್ಮೆಟ್ ಇಲ್ಲದವನು ಅಂಗಡಿಯಲ್ಲೇ ಕೂತು ಪಂಕ್ಚರ್ ಹಾಕಬೇಕು, ಅದು ಕಾನೂನು. “ಒಂದ್ ಒಡದ್ರೂ ಅಕ್ಕ ನಿಮ್ಮ ಹೆಸರು ಹೇಳಿ ಬಂದವ್ರಿಗೆಲ್ಲ ತೋರಸ್ತಾಳ ನೋಡ್ರಿ.” ಗಾಜು ಹೊತ್ತು ವೀಲಿಂಗ್ ಮಾಡುವುದು ಹೇಗೆ? ಗುಂಡಿ ಕಂಡರೆ ಪರಶು ಬಾಣಂತಿಯನ್ನು ಕರೆದೊಯ್ಯುವವನಂತೆ ಗಾಡಿ ಮೆಲ್ಲಗೆ ಇಳಿಸುತ್ತಿದ್ದ. ಅಕ್ಕನ ಅಂಗಡಿಯಲ್ಲಿ ಅಷ್ಟೊಂದು ಗ್ಲಾಸು ಯಾಕೆ ಬೇಕು ಎಂದು ಕೇಳಲು ನಮಗೆ ಹೊಳೆಯಲೇ ಇಲ್ಲ. ವಾರದ ನಡುವೆ ಆಕೆ ಅವನ್ನು ಯಾರದೋ ವ್ಯಾನಿನಲ್ಲಿ ವಾಪಸ್ ಕಳಿಸುತ್ತಿದ್ದಳಂತೆ. ನಾವು ಹೊತ್ತದ್ದು ಯಾವಾಗಲೂ ಅವೇ ಗ್ಲಾಸು.

ಹೀಗೆ ಸುಖವಾಗಿದ್ದಾಗ ಪರಶುವನ್ನು ಬೇರೆ ಓಣಿಯ ಹುಡುಗರು ಛೇಡಿಸಿದರು. “ಏನ್ಲೇ, ಗ್ಲಾಸ್ ಸಾಗಿಸೋ ಅಣ್ಣ, ಮಜ್ಜಿಗಿ ಕುಡದು ರೇಸ್ ಹೊಡೀತಿಯಂತ?” ಪರಶುವಿನ ಮುಖ ಬಜ್ಜಿಯ ಮೆಣಸಿನಕಾಯಿಯಾಯಿತು. ಈ ಭಾನುವಾರ ಎಲ್ಲೂ ನಿಲ್ಲದೆ ಸಿರುಗುಪ್ಪ ಮುಟ್ಟಿ ತೋರಿಸುತ್ತೇನೆ ಎಂದು ಪಣ ತೊಟ್ಟ. ಅಜ್ಜಿ ಆ ವಾರ ಮಗಳ ಮನೆಗೆ ಹೋಗಿದ್ದಳು. ತಾತ ಇರುವುದು ಕೊನೆಯಲ್ಲಿ. ಅಡ್ಡಿ ಒಂದೇ, ಒಗ್ಗರಣಿ ಅಕ್ಕ. ಎಲ್ಲರೂ ನನ್ನ ಗಂಟಲನ್ನು ನೋಡಿದರು. ಹೊಗಳಿಕೆಗೆ ಹಿಗ್ಗುವ ಅಂಗಗಳಲ್ಲಿ ಗಂಟಲಿಗೆ ಮೊದಲ ಸ್ಥಾನ.

ಶನಿವಾರ ಸಂಜೆ ಚಾಚಾ ನಮಾಜಿಗೆ ಹೋಗುವಾಗ, “ಅಂಗಡಿ ನೋಡ್ಕೊರ್ಲೇ” ಎಂದು ಫೋನನ್ನೂ ಸ್ಟೂಲಿನ ಮೇಲೇ ಬಿಟ್ಟು ಹೋದರು. ನಾನು ಅಕ್ಕನ ಹೆಸರು ಒತ್ತಿದೆ, ಬೆರಳಿನಿಂದಲೇ. ಎರಡು ಸಲ ಕೆಮ್ಮಿದೆ.

“ಹ್ರ್ರ್... ಹ್ರ್ರ್... ಹಾಂ, ಹಲೋ! ಅಕ್ಕಾ, ನಾಳಿ ಹುಡುಗರು ಬರಂಗಿಲ್ಲ. ಸಂಗನಕಲ್ಲು ಗುಡ್ಡಕ್ಕ ಹೊಂಟಾವ. ನೀ ಆರಾಮ ಮಲಗು.”

ಆ ಕಡೆ ಒಗ್ಗರಣೆಯ ಸದ್ದು. “ಹೌದಾ? ಆತು ಬಿಡಣ್ಣ.”

ಫೋನ್ ಇಟ್ಟೆ. ಹುಡುಗರು ನನ್ನನ್ನು ಎತ್ತಿ ಕುಣಿದರು. ನನ್ನ ಜೀವಮಾನದ ಅತ್ಯುತ್ತಮ ಪ್ರದರ್ಶನ ಅದು ಎಂದು ಆಗ ಅಂದುಕೊಂಡಿದ್ದೆ.

ಭಾನುವಾರ ಬೆಳಗಿನ ರಸ್ತೆ ಖಾಲಿ, ಪಣ ನೋಡಲು ಬಂದ ಬೇರೆ ಓಣಿಯವರು ಬಹಳ ಹಿಂದೆ. ತೊಡೆಯ ಮೇಲೆ ಗ್ಲಾಸಿಲ್ಲ, ಅಜ್ಜಿಯ ಕೂಗಿಲ್ಲ. ಪರಶು ಆಕ್ಸಿಲರೇಟರ್ ತಿರುಗಿಸಿದ. ಗಾಳಿಗೆ ಕಣ್ಣೀರು ಬಂದು ಫೋನಿನಲ್ಲಿ ಏನು ಹಿಡಿಯುತ್ತಿದ್ದೇನೋ ನನಗೇ ಕಾಣುತ್ತಿರಲಿಲ್ಲ. ಕ್ರಾಸಿನ ಮುಂದಿನ ತಿರುವಿಗೆ ಇನ್ನೂ ಸಾಕಷ್ಟು ದೂರವಿರುವಾಗ ಪರಶು “ಯವ್ವಾ!” ಎಂದು ಕೂಗಿ ಗೇರು ಇಳಿಸಿದ.

ರಸ್ತೆಗೆ ಅಡ್ಡವಾಗಿ ಒಂದು ಟ್ರ್ಯಾಕ್ಟರ್, ಲೈಟು ಹಾಕಿಕೊಂಡು ನಿಂತಿತ್ತು. ಅದರ ಮುಂದೆ ಕೆಂಪು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಒಗ್ಗರಣಿ ಅಕ್ಕ, ಕೈಯಲ್ಲಿ ತಟ್ಟೆ. ಪಕ್ಕದಲ್ಲಿ ಮಗಳ ಮನೆಯಿಂದ ವಾಪಸ್ ಕರೆಸಿದ ಅಜ್ಜಿ, ಚೊಂಬಿನ ಸಮೇತ. ಹಾಲಿನ ವ್ಯಾನಿನಿಂದ ಇಳಿದು ಅಂಗಿ ಜಾಡಿಸಿಕೊಳ್ಳುತ್ತಿದ್ದ ಚಾಚಾ.

ನಾವು ನಿಂತೆವು. ಚಾಚಾ ಬಂದು ನಮ್ಮಿಬ್ಬರನ್ನೂ ನೋಡಲಿಲ್ಲ. ಬಿಸಿ ಟ್ಯಾಂಕಿನ ಮೇಲೆ ಕೈಯಿಟ್ಟರು. “ಏನವ್ವ, ಸಿರುಗುಪ್ಪಕ್ಕ ಹೊಂಟಿದ್ಯಾ? ನನ್ನ ಬ್ರೇಕು ಸವದಾವ ಅಂತ ಈ ಮಂಗ್ಯಾಗ ಹೇಳಬಾರದಿತ್ತಾ?” ಆಮೇಲೆ ಪರಶುವಿನ ಮೊಣಕೈ ಹಿಡಿದು, ಟ್ರ್ಯಾಕ್ಟರ್ ಬಳಸಿ, ತಿರುವಿನ ಆಚೆಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ.

ತಿರುವು ಮುಗಿಯುತ್ತಲೇ ಅರ್ಧ ರಸ್ತೆಗೆ ಭತ್ತದ ರಾಶಿ. ಸುಗ್ಗಿಯ ಕಾಲ, ಹಿಂದಿನ ದಿನ ಒಣಹಾಕಿ, ಇಬ್ಬನಿಗೆಂದು ಕಪ್ಪು ತಾಡಪಾಲು ಹೊದಿಸಿದ್ದರು. ತಾಡಪಾಲು ಹಾರದಂತೆ ಸುತ್ತಲೂ ತಲೆ ಗಾತ್ರದ ಕಲ್ಲುಗಳು. ಡಾಂಬರಿನ ಬಣ್ಣಕ್ಕೂ ಅದಕ್ಕೂ ವ್ಯತ್ಯಾಸ ಹತ್ತಿರ ಹೋಗುವವರೆಗೆ ಕಾಣುತ್ತಿರಲಿಲ್ಲ. ಪರಶು ಒಂದು ಕಲ್ಲನ್ನು ಕಾಲಿನಿಂದ ತಳ್ಳಿ ನೋಡಿದ. ಅದು ಅಲುಗಲಿಲ್ಲ. ಅವನು ಅಲ್ಲೇ ರಸ್ತೆ ಪಕ್ಕದಲ್ಲಿ ಕೂತುಬಿಟ್ಟ. ನನ್ನ ಕೈಯಲ್ಲಿದ್ದ ಫೋನು ಇನ್ನೂ ವಿಡಿಯೊ ಹಿಡಿಯುತ್ತಲೇ ಇತ್ತು.

ಚಾಚಾ ನನ್ನ ಕಡೆ ತಿರುಗಿದರು. “ಬಾರಪ್ಪ ಕಲಾವಿದ. ನಿನ್ನೆ ಭಾಳ ಛಲೋ ಮಾತಾಡಿದ್ಯಂತ. ನನಗೂ ಒಮ್ಮೆ ಕೇಳಸು.”

“ಚಾಚಾ, ತಪ್ಪಾತು...”

“ತಪ್ಪು ಆಮ್ಯಾಲ. ಮೊದ್ಲು ದನಿ ಮಾಡು.”

ಮಾಡಿದೆ. ಕೆಮ್ಮು ಬಂತು, ಅದು ನನ್ನದೇ ಕೆಮ್ಮು. ‘ಹಲೋ’ ಎಂದದ್ದು ಆಡಿನ ಮರಿಯಂತೆ ಕೇಳಿಸಿತು. ಟ್ರ್ಯಾಕ್ಟರಿನವನು ಬಿದ್ದು ಬಿದ್ದು ನಕ್ಕ.

“ನಿನ್ನೆ ಹಿಂಗಿರ್ಲಿಲ್ಲ ಅಣ್ಣ,” ಎಂದಳು ಅಕ್ಕ, ಕಲೆಗೆ ಅನ್ಯಾಯವಾಗಬಾರದು ಎಂಬಂತೆ. “ಕೆಮ್ಮು ನಿಂದಽ, ದನಿ ನಿಂದಽ. ನಾ ನಂಬಿದ್ದೆ. ಫೋನ್ ಇಟ್ಟ ಮ್ಯಾಲ ಏನೋ ಕಡಿಮಿ ಆದಂಗ ಆತು. ಒಗ್ಗರಣಿಗೆ ಉಪ್ಪು ಹಾಕೇನೋ ಇಲ್ಲೋ ಅಂತ ನೋಡಿದೆ, ಹಾಕಿದ್ದೆ. ಆಮ್ಯಾಲ ಹೊಳೀತು. ಇಷ್ಟ್ ವರ್ಷದಾಗ ನೀ ‘ಉಂಡ್ಯಾ’ ಅನ್ನಲಾರದ ಒಮ್ಮೆನೂ ಫೋನ್ ಇಟ್ಟಾಂವಲ್ಲ. ಅದಕ್ಕಽ ತಿರುಗಿ ಮಾಡ್ದೆ, ನಿನ್ನ ಫೋನಿನ್ಯಾಗ ಕೋತಿ ಹೊಕ್ಕೈತಿ ಅಂತ.”

ಚಾಚಾ ನನ್ನನ್ನು ಮರೆತೇಬಿಟ್ಟರು. “ನಾ ಹಂಗ ಕೇಳ್ತೀನೇನು?”

“ದಿನಾ ಕೇಳ್ತಿ.”

“ಖರೇ?” ಅಜ್ಜಿಯ ಕಡೆ ತಿರುಗಿದರು. “ನಿನಗೂ?”

“ನನಗ ಎರಡೆರಡು ಸಲ ಕೇಳ್ತಿ. ನನಗ ಕಿವಿ ಕೇಳ್ಸಂಗಿಲ್ಲ ಅಂತ ತಿಳ್ಕಂಡೀಯಲ್ಲ.”

ಎಲ್ಲರಿಗಿಂತ ಹೆಚ್ಚು ಬೆರಗಾದವರು ಅವರೇ. ನಾನು ವರ್ಷಗಟ್ಟಲೆ ಅವರ ಗಂಟಲನ್ನು ಕೇಳಿದ್ದೆ, ಕೆಮ್ಮಿನ ತಾಳ ಕಲಿತಿದ್ದೆ, ಬಾಯಿಯ ಆಕಾರ ಕಲಿತಿದ್ದೆ. ಪ್ರತಿದಿನ ಅವರು ಕೇಳುತ್ತಿದ್ದ ಒಂದು ಮಾತು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ನನ್ನನ್ನೂ ಅವರು ದಿನಾ ಕೇಳುತ್ತಿದ್ದರು. ನಾನು ಹೂಂ ಎಂದು ಅವರ ದನಿಯಲ್ಲೇ ಉತ್ತರ ಕೊಡುತ್ತಿದ್ದೆ.

ಶಿಕ್ಷೆ ಏನೂ ಆಗಲಿಲ್ಲ. ಬಿಸಿಲು ಏರಿದ ಮೇಲೆ ಭತ್ತದವನು ತಾಡಪಾಲು ತೆಗೆದ. ನಾವು ಚಪ್ಪಲಿ ಬಿಟ್ಟು ಭತ್ತದಲ್ಲಿ ಕಾಲೆಳೆದು ನಡೆದು ಅದನ್ನು ತಿರುವಿಹಾಕಿದೆವು. ಪಣ ಕಟ್ಟಿ ಹಿಂದೆ ಬಂದಿದ್ದ ಬೇರೆ ಓಣಿಯವರೂ ನಮ್ಮ ಜೊತೆ ಸಾಲು ಹಿಡಿದರು, ಅಕ್ಕ ಅಷ್ಟರಲ್ಲಿ ಅವರ ಹೆಸರನ್ನೂ ಕೇಳಿಕೊಂಡಿದ್ದಳು. ಚಹಾ ಕೊಡುವಾಗ ಮಾತ್ರ ಚಾಚಾರ ಮುಖ ಸಣ್ಣದಾಯಿತು: “ಇವತ್ತ ಗ್ಲಾಸ್ ತರಲಿಲ್ಲಲ್ಲೋ. ಮಂದಿ ನೋಡಿದ್ರ ಇಷ್ಟ್ ಅದಾರ.”

ಆ ವಿಡಿಯೊ ನನ್ನ ಹತ್ತಿರ ಈಗಲೂ ಇದೆ. ಗಾಳಿಯ ಆರ್ಭಟದಿಂದ ಶುರುವಾಗಿ ಒಗ್ಗರಣೆ ತಟ್ಟೆಗೆ ಬಂದು ನಿಲ್ಲುತ್ತದೆ, ಕೊನೆಗೆ ಕಲ್ಲು. ಅದನ್ನು ನೆಟ್ಟಿಗೆ ಹಾಕಿದ ದಿನ ತುಂಬ ಜನ ನಕ್ಕರು. ಮುಂದಿನ ಭಾನುವಾರ ಬಜ್ಜಿ ತಿನ್ನಲೆಂದೇ ಬಂದ ಹುಡುಗರನ್ನು ನೋಡಿ ಅಕ್ಕ ಹಿಟ್ಟು ಕಲಸಿ ಕಲಸಿ ಸುಸ್ತಾದಳು.

ಚಾಚಾ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಮಧ್ಯಾಹ್ನ ಗ್ಯಾರೇಜಿನಲ್ಲೇ ಎದೆ ಹಿಡಿದುಕೊಂಡರು. ಆಸ್ಪತ್ರೆಗೆ ಒಯ್ದದ್ದು ಪರಶು. ಗುಂಡಿ ಕಂಡರೆ ಮೆಲ್ಲಗೆ ಇಳಿಸುತ್ತ, ಆದರೆ ಎಂದೂ ಇಲ್ಲದಷ್ಟು ಬೇಗ. ಆಗಲಿಲ್ಲ. ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಸಿರುಗುಪ್ಪ ರಸ್ತೆಯವರು. ತಾತ ಮಿಲ್ಲಿನ ಲಾರಿಯಲ್ಲಿ ಬಂದಿದ್ದ. ಅಕ್ಕ ಬುಟ್ಟಿಯಲ್ಲಿ ಗ್ಲಾಸು ಹೊತ್ತು ಬಂದು, ಓಣಿಯ ಬಾಯಲ್ಲಿ ಒಲೆ ಹೂಡಿ, ಅತ್ತವರಿಗೆಲ್ಲ ಚಹಾ ಕೊಟ್ಟಳು.

ನಾನೀಗ ಮದುವೆ, ಗಣೇಶೋತ್ಸವಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಅಪ್ಪನ ದನಿಗೆ ಒಳ್ಳೆಯ ಬೇಡಿಕೆ ಇದೆ, ಅಪ್ಪನೇ ಮುಂದಿನ ಸಾಲಿನಲ್ಲಿ ಕೂತು ಇದು ಯಾರದ್ದು ಎಂದು ಕೇಳುತ್ತಾನೆ. ಚಾಚಾರದ್ದನ್ನು ಮಾತ್ರ ಮಾಡುವುದಿಲ್ಲ. ಗ್ಯಾರೇಜು ನೋಡಿಕೊಳ್ಳುವುದು ಪರಶು. ಮೊಣಕಾಲು ಈಗ ಹರಿದಿರುವುದಿಲ್ಲ.

ಮೊನ್ನೆ ಶನಿವಾರ ಅಲ್ಲಿ ಕೂತಿದ್ದೆ. ಹೊಸ ಹುಡುಗರ ಒಂದು ಗುಂಪು, ಮೀಸೆ ಬರದವರು, ಕನ್ನಡಿ ಕಿತ್ತ ಬೈಕುಗಳ ಸುತ್ತ ನಿಂತು ನಾಳೆಯ ಸಿರುಗುಪ್ಪದ ಮಾತಾಡುತ್ತಿದ್ದರು. ಪರಶು ಎಂಜಿನ್ನಿನ ಹೊಟ್ಟೆಯೊಳಗಿಂದ ಮುಖ ಎತ್ತದೆ ಹೇಳಿದ: “ಲೇ, ಕೈ ಎಣ್ಣಿ ಆಗ್ಯಾವ. ಅಕ್ಕಗ ನೀ ಫೋನ್ ಮಾಡು.”

ಪಿಸ್ಟನ್ನಿಗೆ ಒರಗಿದ ಅದೇ ಹಳೇ ಫೋನು. ನನ್ನ ಕೈ ಸ್ವಚ್ಛವಾಗಿಯೇ ಇತ್ತು. ಆದರೂ ಕೈ ಹಿಂದೆ ಕಟ್ಟಿ ಬಗ್ಗಿದೆ. ನನ್ನದು ಚಪ್ಪಟೆ ಮೂಗು, ಮೊದಲ ಸಲ ಹಗ್ಗದ ಅಂಗಡಿಯವನಿಗೆ ಹೋಯಿತು. ಅವನು ಪಕ್ಕದಿಂದಲೇ “ಏನ್ಲೇ?” ಎಂದ. ಎರಡನೆಯ ಸಲ ಅಕ್ಕನಿಗೆ ಹತ್ತಿತು.

ನನ್ನದೇ ದನಿಯಲ್ಲಿ ಮಾತಾಡಬೇಕೆಂದುಕೊಂಡಿದ್ದೆ. ಅದು ಬರಲಿಲ್ಲ. ಗಂಟಲು ತಾನಾಗಿ ಎರಡು ಸಲ ಕೆಮ್ಮಿತು.

“ಹಾಂ, ಹಲೋ! ಅಕ್ಕಾ, ನಾಳಿ ಹುಡುಗರು ಬರ್ತಾವ. ಬೈಬ್ಯಾಡ. ಹೆಸರು ಹಿಡದು ಕರಿ.” ಬೆಲ್ಲದ ಅಂಗಡಿಯವನು ತಕ್ಕಡಿ ಬಿಟ್ಟು ಕೇಳುತ್ತಿದ್ದ. “ಉಂಡ್ಯಾ ಅಕ್ಕಾ?”

ಆ ಕಡೆ ಒಗ್ಗರಣೆ ಚಟಪಟ ಅನ್ನುತ್ತಲೇ ಇತ್ತು. ಆಮೇಲೆ ಅಕ್ಕ ಮೂಗು ಏರಿಸಿಕೊಂಡಳು.

“ಉಂಡೀನಪ್ಪ. ಇನ್ನ ನಿನ್ನ ದನಿಲೆ ಹೇಳು, ಎಷ್ಟ್ ಗ್ಲಾಸ್ ತಗದಿಡ್ಲಿ?”